ಚಾಳಿನೊಳಗೆ ಆರು ತಿಂಗಳು

ಇಟ್ಟಷ್ಟೂ ಒಳ್ಳೆಯದಾಗುವ ಪದಾರ್ಥಗಳು ಕನ್ನಡನಾಡಿನ ಅಡುಗೆಮನೆಗಳಲ್ಲಿ ಕಡಿಮೆ ಇಲ್ಲ. ಹೊಸ ಅಕ್ಕಿಯ ಅನ್ನ ಮುದ್ದೆಯಾಗುತ್ತದೆ, ವರ್ಷ ಕಳೆದ ಅಕ್ಕಿಯ ಅನ್ನ ಉದುರುದುರಾಗುತ್ತದೆ. ಹುಣಸೆಹಣ್ಣು ಕಪ್ಪಾದಷ್ಟೂ ಸಾರಿಗೆ ಹದ ಎನ್ನುವವರಿದ್ದಾರೆ. ಮಲೆನಾಡಿನ ಮಿಡಿ ಉಪ್ಪಿನಕಾಯಿಯ ಜಾಡಿ ಎರಡನೇ ಮಳೆಗಾಲ ಕಂಡರೆ ಅದಕ್ಕೊಂದು ಮರ್ಯಾದೆಯೇ ಬೇರೆ. ಅಡುಗೆಮನೆಯಿಂದ ಆಚೆ ಬಂದರೆ ಇದೇ ಸಾಲಿನಲ್ಲಿ ತಂಬಾಕು ಇದೆ. ಹುಣಸೂರು, ಪಿರಿಯಾಪಟ್ಟಣದ ಕಡೆ ಬೆಳೆಯುವ ವರ್ಜೀನಿಯಾ ಎಲೆ ಬ್ಯಾರನ್ನಿನಲ್ಲಿ ಬೆಂದು ಹಳದಿಯಾಗಿ, ತಂಬಾಕು ಮಂಡಳಿಯ ಹರಾಜಿನಲ್ಲಿ ಬಿಕರಿಯಾದ ಮೇಲೂ ಅದರ ಪಯಣ ಮುಗಿಯುವುದಿಲ್ಲ. ಕೊಂಡವರು ಅದನ್ನು ಇನ್ನೊಮ್ಮೆ ಒಣಗಿಸಿ, ನೀರಿನಂಶವನ್ನು ಶೇ 12ರ ಆಸುಪಾಸಿಗೆ ಇಳಿಸಿ, ಪೆಟ್ಟಿಗೆಗಳಲ್ಲಿ ಒತ್ತಿ, ಒಂದೆರಡು ವರ್ಷ ಗೋದಾಮಿನಲ್ಲಿ ಸುಮ್ಮನೆ ಬಿಡುತ್ತಾರೆ. ಎಲೆಯ ಘಾಟು ತಗ್ಗುತ್ತದೆ, ಬಣ್ಣ ಗಾಢವಾಗುತ್ತದೆ. ಪೈಪ್ ಸೇದುವ ಹವ್ಯಾಸಿಗಳಂತೂ ಗಾಳಿಯಾಡದ ಡಬ್ಬಿಯ ಮೇಲೆ ತಾರೀಕು ಬರೆದು ಐದು ವರ್ಷ, ಹತ್ತು ವರ್ಷ ಕಾಯುತ್ತಾರೆ. ಎಷ್ಟು ದಿನ ಇಡಬೇಕು ಎಂಬುದು ಅವರಿಗೆ ಸುಖದ ಪ್ರಶ್ನೆ.

ಇದೇ ಪ್ರಶ್ನೆಯನ್ನು ಮಹಾರಾಷ್ಟ್ರದ ನಾಶಿಕ್ ಜಿಲ್ಲೆಯ ನಿಫಾಡ್ ತಾಲ್ಲೂಕಿನ ರೈತ ಪ್ರತಿ ವರ್ಷ ಮೇ ತಿಂಗಳಲ್ಲಿ ಕೇಳಿಕೊಳ್ಳುತ್ತಾನೆ. ಅವನ ಮುಂದೆ ಇರುವುದು ಈರುಳ್ಳಿಯ ರಾಶಿ. ಅದು ಇಟ್ಟಷ್ಟೂ ಒಳ್ಳೆಯದಾಗುವ ಪದಾರ್ಥವಲ್ಲ. ಕಟಾವಿನ ದಿನ ಎಷ್ಟು ಚೆನ್ನಾಗಿರುತ್ತದೋ ಅಷ್ಟೇ, ಅಲ್ಲಿಂದ ಮುಂದೆ ದಿನದಿನವೂ ಸ್ವಲ್ಪ ಸ್ವಲ್ಪ ಕರಗುತ್ತ ಹೋಗುತ್ತದೆ. ಆದರೂ ಅದನ್ನು ಇಡಬೇಕು, ಆರು ತಿಂಗಳವರೆಗೆ ಇಡಬೇಕು. ಬೆಂಗಳೂರಿನ ಸೆಪ್ಟೆಂಬರ್ ತಿಂಗಳ ಮಸಾಲೆದೋಸೆಯ ಪಲ್ಯ ಆ ಇಡುವಿಕೆಯ ಮೇಲೆ ನಿಂತಿದೆ.

ಬೆಂಗಳೂರಿನಿಂದ ದಿಲ್ಲಿಗೆ ಹೋಗುವ ಕರ್ನಾಟಕ ಎಕ್ಸ್‌ಪ್ರೆಸ್ ಮನ್ಮಾಡ್ ಜಂಕ್ಷನ್ ಮೂಲಕ ಹಾದುಹೋಗುತ್ತದೆ. ಅಲ್ಲಿಂದ ಮುಂಬಯಿ ಕಡೆಯ ಹಳಿ ಹಿಡಿದರೆ ನಾಶಿಕ್ ಬರುವ ಮೊದಲು ಸಿಗುವ ಸಣ್ಣ ನಿಲ್ದಾಣ ಲಾಸಲಗಾಂವ್. ಇಲ್ಲಿನ ಕೃಷಿ ಉತ್ಪನ್ನ ಮಾರುಕಟ್ಟೆ ಸಮಿತಿ 1947ರದ್ದು. ಏಷ್ಯಾದ ಅತಿ ದೊಡ್ಡ ಈರುಳ್ಳಿ ಸಗಟು ಮಾರುಕಟ್ಟೆ ಎಂಬ ಬಿರುದು ಇದಕ್ಕೆ ಅಂಟಿಕೊಂಡಿದೆ. ಮೂಟೆಯ ಮಾರುಕಟ್ಟೆ ನೋಡಿ ಅಭ್ಯಾಸವಾದ ಹುಬ್ಬಳ್ಳಿ ಅಥವಾ ಯಶವಂತಪುರದವರಿಗೆ ಲಾಸಲಗಾಂವ್ ಮೊದಲಿಗೆ ವಿಚಿತ್ರವಾಗಿ ಕಾಣುತ್ತದೆ. ಇಲ್ಲಿ ಚೀಲಗಳಿಲ್ಲ. ಟ್ರ್ಯಾಕ್ಟರ್ ಟ್ರಾಲಿಗಳಲ್ಲಿ ಈರುಳ್ಳಿಯನ್ನು ಸಡಿಲವಾಗಿ ಸುರಿದುಕೊಂಡು ಬಂದು ಸಾಲಾಗಿ ನಿಲ್ಲಿಸುತ್ತಾರೆ. ಲಿಲಾವು ಕೂಗುವವನೂ ವ್ಯಾಪಾರಿಗಳೂ ಗುಂಪಾಗಿ ಒಂದೊಂದು ಟ್ರಾಲಿಯ ಮುಂದೆ ನಿಂತು, ನಾಲ್ಕು ಗಡ್ಡೆ ಕೈಗೆತ್ತಿಕೊಂಡು, ಕತ್ತು ಒತ್ತಿ ನೋಡಿ, ದರ ಕೂಗಿ, ಚೀಟಿ ಬರೆದು ಮುಂದಿನ ಟ್ರಾಲಿಗೆ ಹೋಗುತ್ತಾರೆ. ಒಂದು ಕುಟುಂಬದ ಇಡೀ ಹಂಗಾಮಿನ ಬೆಲೆ ನಿಂತ ನಿಲುವಿನಲ್ಲಿ ಗೊತ್ತಾಗಿಬಿಡುತ್ತದೆ. ಆ ಚೀಟಿಯಲ್ಲಿ ಯಾವ ಅಂಕಿ ಬೀಳುತ್ತದೆ ಎನ್ನುವುದು ಟ್ರಾಲಿಯನ್ನು ಯಾವ ತಿಂಗಳಲ್ಲಿ ತಂದರು ಎಂಬುದರ ಮೇಲೆ ಬಹುಪಾಲು ನಿಂತಿರುತ್ತದೆ.

ಈ ಸೀಮೆಯಲ್ಲಿ ಈರುಳ್ಳಿಗೆ ಮೂರು ಹಂಗಾಮು. ಮಳೆಗಾಲದ ಬೆಳೆ ದಸರಾ ದೀಪಾವಳಿಯ ಹೊತ್ತಿಗೆ ಬರತೊಡಗುತ್ತದೆ. ಅದರ ಹಿಂದೆ ರಾಂಗಡಾ ಎಂದು ಕರೆಯುವ ತಡ ಬೆಳೆ, ಜನವರಿಯಿಂದ ಮಾರ್ಚ್‌ವರೆಗೆ. ಇವೆರಡನ್ನೂ ಜನ ‘ಲಾಲ್ ಕಾಂದಾ’ ಅನ್ನುತ್ತಾರೆ. ಬಣ್ಣ ಗಾಢ, ಮೈ ತುಂಬ ನೀರು. ಕೆಲವು ವಾರಗಳಲ್ಲಿ ಮಾರಿ ಮುಗಿಸಬೇಕಾದ ಸರಕು ಇದು, ಇಡುವ ಮಾತೇ ಇಲ್ಲ. ಮೂರನೆಯದು ‘ಉನ್ಹಾಳ ಕಾಂದಾ’, ಬೇಸಿಗೆಯ ಈರುಳ್ಳಿ. ಡಿಸೆಂಬರ್, ಜನವರಿಯಲ್ಲಿ ನಾಟಿಯಾಗಿ ಏಪ್ರಿಲ್, ಮೇನಲ್ಲಿ ಕಟಾವಿಗೆ ಬರುವ ತಿಳಿ ಕೆಂಪಿನ ಗಡ್ಡೆ. ದೇಶದ ಈರುಳ್ಳಿಯ ಅರ್ಧಕ್ಕಿಂತ ಹೆಚ್ಚು ಈ ಹಂಗಾಮಿನದು. ಜೂನ್‌ನಿಂದ ಅಕ್ಟೋಬರ್‌ವರೆಗೆ ಹೊಲದಿಂದ ಹೊಸ ಈರುಳ್ಳಿ ಬರುವುದು ಅತ್ಯಲ್ಪ. ಆ ಐದು ತಿಂಗಳು ದೇಶ ತಿನ್ನುವುದು ಇಟ್ಟ ಈರುಳ್ಳಿಯನ್ನು.

ಇಲ್ಲೊಂದು ಮಾತಿನ ವಿಚಾರ. ಕನ್ನಡದಲ್ಲಿ ಈ ಗಡ್ಡೆಗೆ ಮೂರು ಹೆಸರು ಚಾಲ್ತಿಯಲ್ಲಿವೆ. ಬಯಲುಸೀಮೆ, ಹಳೆ ಮೈಸೂರಿನ ಕಡೆ ಈರುಳ್ಳಿ, ಉತ್ತರ ಕರ್ನಾಟಕದಲ್ಲಿ ಉಳ್ಳಾಗಡ್ಡಿ, ಕರಾವಳಿಯಲ್ಲಿ ನೀರುಳ್ಳಿ. ಉಳ್ಳಿ ಎಂಬ ಹಳೆಯ ದ್ರಾವಿಡ ಮಾತು ಮೂರರಲ್ಲೂ ಇದೆ, ಬೆಳ್ಳುಳ್ಳಿಯಲ್ಲೂ ಇದೆ. ಶೇಖರಣೆಯ ದೃಷ್ಟಿಯಿಂದ ನೋಡಿದರೆ ಕರಾವಳಿಯವರ ಹೆಸರೇ ಸರಿ. ನೂರು ಗ್ರಾಂ ಈರುಳ್ಳಿಯಲ್ಲಿ ಎಂಬತ್ತೈದು ಗ್ರಾಂಗೂ ಹೆಚ್ಚು ನೀರು. ಈರುಳ್ಳಿ ಇಡುವುದೆಂದರೆ ತೆಳ್ಳನೆಯ ಕಾಗದದಂಥ ಸಿಪ್ಪೆಯೊಳಗೆ ಕೂತ ಆ ನೀರನ್ನು ಆರು ತಿಂಗಳು ಕಾಯುವುದು. ತಂಬಾಕಿಗೂ ಇದಕ್ಕೂ ಇರುವ ವ್ಯತ್ಯಾಸ ಇಲ್ಲಿಂದಲೇ ಶುರುವಾಗುತ್ತದೆ. ತಂಬಾಕು ಸತ್ತ ಎಲೆ. ಈರುಳ್ಳಿಗೆ ಜೀವವಿದೆ, ಅದು ಉಸಿರಾಡುತ್ತದೆ, ಒಳಗಿನ ಮೊಗ್ಗು ನಿದ್ದೆಯಲ್ಲಿದೆ ಅಷ್ಟೆ.

ನಿದ್ದೆ ಚೆನ್ನಾಗಿ ಹತ್ತಬೇಕಾದರೆ ತಯಾರಿ ಹೊಲದಲ್ಲೇ ಆಗಬೇಕು. ಯೂರಿಯಾ ಹೆಚ್ಚು ಸುರಿದ ಹೊಲದ ಗಡ್ಡೆ ದಪ್ಪವಾಗಿ ಚೆಂದ ಕಾಣುತ್ತದೆ, ಕತ್ತು ಮಾತ್ರ ದಪ್ಪ ಉಳಿದು ಅಲ್ಲಿಂದಲೇ ಕೊಳೆ ಒಳಗಿಳಿಯುತ್ತದೆ. ಕಟಾವಿಗೆ ಹತ್ತು ಹದಿನೈದು ದಿನ ಮೊದಲೇ ನೀರು ನಿಲ್ಲಿಸಬೇಕು. ಹೊಲದ ಅರ್ಧದಷ್ಟು ಗಿಡಗಳ ಎಲೆ ಕತ್ತಿನ ಬಳಿ ತಾನಾಗಿ ಬಾಗಿ ಮಲಗಿದಾಗ ಕೀಳಬೇಕು. ಕಿತ್ತ ಗಡ್ಡೆಯನ್ನು ಎಲೆಯ ಸಮೇತ ಮೂರ್ನಾಲ್ಕು ದಿನ ಹೊಲದಲ್ಲೇ ಹರವುತ್ತಾರೆ, ಅದೂ ಒಂದು ಸಾಲಿನ ಎಲೆ ಇನ್ನೊಂದು ಸಾಲಿನ ಗಡ್ಡೆಯನ್ನು ಮುಚ್ಚುವ ಹಾಗೆ. ಬಿಸಿಲು ಎಲೆಗೆ, ನೆರಳು ಗಡ್ಡೆಗೆ. ಆಮೇಲೆ ಬೆರಳಿನ ಒಂದು ಗೆಣ್ಣಿನಷ್ಟು ಕತ್ತು ಬಿಟ್ಟು ಎಲೆ ಕತ್ತರಿಸಿ, ಮತ್ತೆ ಎರಡು ವಾರ ನೆರಳಲ್ಲಿ ಒಣಗಿಸಬೇಕು. ಕತ್ತು ಪೂರ್ತಿ ಮುಚ್ಚಿಕೊಂಡು, ಮೇಲಿನ ಸಿಪ್ಪೆ ಗರಿಗರಿಯಾಗಿ ಮುಟ್ಟಿದರೆ ಸದ್ದು ಮಾಡಬೇಕು. ಇದರ ನಡುವೆ ಒಂದು ಅಕಾಲಿಕ ಮಳೆ ಬಿದ್ದರೆ ಎಲ್ಲ ಲೆಕ್ಕವೂ ಬುಡಮೇಲು. 2023ರ ಮಾರ್ಚ್, ಏಪ್ರಿಲ್‌ನಲ್ಲಿ ನಾಶಿಕ್ ಸೀಮೆಯಲ್ಲಿ ಆಗಿದ್ದು ಅದೇ. ಹೊರಗಿನಿಂದ ಚೆನ್ನಾಗಿಯೇ ಕಂಡ ಈರುಳ್ಳಿಯ ಬಾಳಿಕೆ ಆ ವರ್ಷ ಒಳಗೊಳಗೇ ಸವೆದುಹೋಗಿತ್ತು.

ಒಣಗಿದ ಈರುಳ್ಳಿ ಹೋಗುವುದು ‘ಕಾಂದಾ ಚಾಳ’ಕ್ಕೆ. ಮುಂಬಯಿಯ ಗಿರಣಿ ಕಾರ್ಮಿಕರು ಸಾಲುಕೋಣೆಗಳಲ್ಲಿ ಬದುಕಿದ ಚಾಳವೇ ಇದು. ಮಾತು ಒಂದೇ, ಬಾಡಿಗೆದಾರರು ಬೇರೆ. ಕರ್ನಾಟಕದ ತೋಟಗಾರಿಕೆ ಇಲಾಖೆಯ ಕಾಗದಗಳಲ್ಲಿ ಇದಕ್ಕೆ ‘ಈರುಳ್ಳಿ ಶೇಖರಣಾ ಘಟಕ’ ಎಂಬ ಹೆಸರಿದೆ, ಆದರೆ ಯಾವ ರೈತನೂ ಹೆಂಡತಿಗೆ ‘ಶೇಖರಣಾ ಘಟಕದ ಬಾಗಿಲು ಹಾಕಿ ಬಾ’ ಎಂದು ಹೇಳಿರಲಾರ. ನಿಫಾಡ್, ಚಾಂದವಡ, ಯೇವಲಾ ತಾಲ್ಲೂಕುಗಳಲ್ಲಿ, ಪಕ್ಕದ ಛತ್ರಪತಿ ಸಂಭಾಜಿನಗರ ಜಿಲ್ಲೆಯ ವೈಜಾಪುರದ ಕಡೆಯಲ್ಲೂ, ದನದ ಕೊಟ್ಟಿಗೆಯಷ್ಟೇ ಸಹಜವಾಗಿ ಹೊಲದ ಅಂಚಿನಲ್ಲಿ ಚಾಳ ನಿಂತಿರುತ್ತದೆ. ನೆಲದಿಂದ ಒಂದೂವರೆ ಎರಡು ಅಡಿ ಎತ್ತರಕ್ಕೆ ಸಂದುಬಿಟ್ಟ ಅಟ್ಟ, ಗಾಳಿ ಕೆಳಗಿನಿಂದ ಹತ್ತಲಿ ಎಂದು. ಗೋಡೆಗೆ ಬಿದಿರು ಅಥವಾ ಮರದ ಪಟ್ಟಿ, ಇಲ್ಲವೇ ಕಬ್ಬಿಣದ ಜಾಲರಿ. ಅಗಲ ನಾಲ್ಕು ಅಡಿ, ರಾಶಿಯ ಎತ್ತರ ಐದು ಅಡಿ. ಅದಕ್ಕಿಂತ ಹೆಚ್ಚಿಸಿದರೆ ಮೇಲಿನದರ ಭಾರಕ್ಕೆ ಕೆಳಗಿನದು ಜಜ್ಜುತ್ತದೆ, ನಡುವಿನದು ಬೆವರುತ್ತದೆ. ಮೇಲೆ ಹೆಂಚು ಅಥವಾ ಸಿಮೆಂಟ್ ಶೀಟು. ಬರೀ ತಗಡು ಹೊದಿಸಿದರೆ ಮೇ ತಿಂಗಳಲ್ಲಿ ಒಳಗಿನ ಸರಕು ಅರ್ಧ ಬೇಯುತ್ತದೆ. ಇಪ್ಪತ್ತೈದು ಟನ್ನಿನ ಚಾಳಕ್ಕೆ ರಾಷ್ಟ್ರೀಯ ತೋಟಗಾರಿಕೆ ಮಿಷನ್ ಬಹುಕಾಲ ಹಿಡಿದಿದ್ದ ಅಂದಾಜು ವೆಚ್ಚ ₹1.75 ಲಕ್ಷ, ಅದರಲ್ಲಿ ಅರ್ಧ ಸಹಾಯಧನ. ಯಂತ್ರವಿಲ್ಲ, ಕರೆಂಟಿಲ್ಲ. ದೇಶದ ಈರುಳ್ಳಿ ದಾಸ್ತಾನಿನ ಬಹುಪಾಲು ಹೀಗೆ ಬೀಸುವ ಗಾಳಿಯನ್ನು ನಂಬಿಕೊಂಡಿದೆ.

ಶೀತಲಗೃಹ ಯಾಕಿಲ್ಲ ಎಂದು ನಗರದಲ್ಲಿರುವವರು ಕೇಳುವುದುಂಟು. ಈರುಳ್ಳಿಯ ನಿದ್ದೆಯ ಸ್ವಭಾವ ಆಲೂಗಡ್ಡೆಯಂತಲ್ಲ. ಸೊನ್ನೆಯಿಂದ ಎರಡು ಡಿಗ್ರಿಯ ಚಳಿಯಲ್ಲಿ ಅದು ಮಲಗುತ್ತದೆ, ಇಪ್ಪತ್ತೈದರಿಂದ ಮೂವತ್ತು ಡಿಗ್ರಿಯ ಸೆಖೆಯಲ್ಲೂ ಮಲಗುತ್ತದೆ. ನಡುವಿನ ಹತ್ತರಿಂದ ಇಪ್ಪತ್ತು ಡಿಗ್ರಿಯ ಹಿತವಾದ ಹವೆಯಲ್ಲಿ ಎಚ್ಚರಗೊಂಡು ಮೊಳಕೆ ಬಿಡುತ್ತದೆ. ಮನುಷ್ಯರಿಗೆ ನಿದ್ದೆ ಬರುವ ಹವೆಯಲ್ಲಿ ಇದಕ್ಕೆ ಎಚ್ಚರ. ಶೀತಲಗೃಹದಲ್ಲಿಟ್ಟು ಹೊರತೆಗೆದ ಈರುಳ್ಳಿ ಲಾರಿ ಹತ್ತಿ ಮಾರುಕಟ್ಟೆ ತಲುಪುವಷ್ಟರಲ್ಲಿ ಬೆವರಿ, ಕೆಲವೇ ದಿನಗಳಲ್ಲಿ ಹಸಿರು ನಾಲಿಗೆ ಚಾಚುತ್ತದೆ. ಹಾಲೆಂಡಿನವರು ಯಂತ್ರದಿಂದ ಗಾಳಿ ಊದಿ ತಮ್ಮ ಚಳಿಗಾಲವನ್ನೇ ಬಳಸಿಕೊಂಡು ವಸಂತದವರೆಗೆ ಇಡುತ್ತಾರೆ. ನಾಶಿಕ್‌ನಲ್ಲಿ ಬೇಸಿಗೆಗೆ ಕಿತ್ತು ಮಳೆಗಾಲಕ್ಕೆ ಇಡಬೇಕು. ಅಲ್ಲಿನ ವಿದ್ಯೆ ಇಲ್ಲಿಗೆ ಹಾಗೇ ಬರುವುದಿಲ್ಲ.

ಚಾಳ ತುಂಬಿದ ಮೇಲೆ ನಷ್ಟ ಮೂರು ವೇಷದಲ್ಲಿ ಬರುತ್ತದೆ, ಒಂದೊಂದಕ್ಕೂ ಅದರದೇ ಮಾಸವಿದೆ. ಮೇ, ಜೂನ್‌ನ ಒಣಹವೆಯಲ್ಲಿ ತೂಕ ಇಳಿಯುತ್ತದೆ. ಇದು ಕಣ್ಣಿಗೆ ಕಾಣುವುದಿಲ್ಲ. ರಾಶಿ ಅಷ್ಟೇ ಇರುತ್ತದೆ, ತಕ್ಕಡಿಯಲ್ಲಿ ಮಾತ್ರ ಕಡಿಮೆ. ಆಷಾಢ, ಶ್ರಾವಣದ ಜಡಿಮಳೆಯಲ್ಲಿ ಕೊಳೆ. ಗಾಳಿಯಲ್ಲಿ ತೇವ ಏರಿದಂತೆ ಸಿಪ್ಪೆಯ ಕೆಳಗೆ ಮಸಿ ಬಳಿದಂತೆ ಕಪ್ಪು ಬೂಷ್ಟು ಕಾಣಿಸಿಕೊಳ್ಳುತ್ತದೆ, ಕತ್ತು ಮೆತ್ತಗಾಗುತ್ತದೆ, ಕೊಳೆತ ಒಂದು ಗಡ್ಡೆಯ ರಸ ಸುತ್ತಲಿನ ಹತ್ತನ್ನು ಹಾಳು ಮಾಡುತ್ತದೆ. ಭಾದ್ರಪದ ಕಳೆದು ರಾತ್ರಿಗಳು ತಂಪಾಗತೊಡಗಿದಾಗ ಮೊಳಕೆ. ಗಡ್ಡೆಯ ನಿದ್ದೆಯ ಅವಧಿ ಆಗ ಹೇಗೂ ಮುಗಿದಿರುತ್ತದೆ, ಹವೆಯೂ ಎಬ್ಬಿಸುವ ಹದಕ್ಕೆ ಬಂದಿರುತ್ತದೆ. ಮೂರೂ ಸೇರಿ ಹಂಗಾಮಿನ ಕೊನೆಗೆ ನೂರಕ್ಕೆ ಇಪ್ಪತ್ತೈದರಿಂದ ನಲವತ್ತರಷ್ಟು ಹೋಗುತ್ತದೆ ಎನ್ನುವುದು ಸಾಮಾನ್ಯವಾಗಿ ಒಪ್ಪಿಕೊಂಡ ಲೆಕ್ಕ. ಕೆಟ್ಟ ವರ್ಷದಲ್ಲಿ ಅರ್ಧವೂ ಹೋಗುತ್ತದೆ.

ಮಳೆಗಾಲದ ನಡುವೆ ಚಾಳವನ್ನು ಬಿಚ್ಚಿ ಆರಿಸುವ ಕೆಲಸ ಬಹುತೇಕ ಹೆಂಗಸರದು. ಸೆರಗನ್ನು ಮೂಗಿಗೆ ಬಿಗಿದುಕೊಂಡು, ಗೋಣಿಯ ಮೇಲೆ ಕುಕ್ಕರುಗಾಲಲ್ಲಿ ಕೂತು, ಒಳ್ಳೆಯದು, ಮೆತ್ತಗಾದದ್ದು, ಮೊಳಕೆಯದು ಎಂದು ಬೇರೆ ಮಾಡುತ್ತಾರೆ. ಕೊಳೆತ ಈರುಳ್ಳಿಯ ವಾಸನೆ ಬಟ್ಟೆಗೆ ಹತ್ತಿದರೆ ಎರಡು ಒಗೆತಕ್ಕೂ ಹೋಗುವುದಿಲ್ಲ. ಆರಿಸದಿದ್ದರೆ ಕೊಳೆ ಹರಡುತ್ತದೆ. ಪದೇ ಪದೇ ಆರಿಸಿದರೆ ಕೈಯಾಡಿಸಿದಷ್ಟೂ ಸಿಪ್ಪೆ ಉದುರಿ, ಮೈ ತರಚಿ ಇನ್ನಷ್ಟು ಕೆಡುತ್ತದೆ, ಕೂಲಿಯೂ ಬೆಳೆಯುತ್ತದೆ. ಮುಟ್ಟಬೇಕೋ ಬೇಡವೋ ಎನ್ನುವುದನ್ನು ವಾಸನೆ ಹಿಡಿದು ತೀರ್ಮಾನಿಸುವ ಅನುಭವಸ್ಥರಿದ್ದಾರೆ. ಬಾಗಿಲ ಬಳಿ ನಿಂತು ಮೂಗು ಅರಳಿಸಿ, ‘ಇನ್ನೊಂದು ವಾರ ಇರಲಿ’ ಎನ್ನುತ್ತಾರೆ.

ಆ ಒಂದು ವಾರದ ಬೆಲೆಯನ್ನು ಕಾಗದದ ಮೇಲೆ ಹಾಕಿ ನೋಡಬಹುದು. ಮೇ ತಿಂಗಳಲ್ಲಿ ನೂರು ಕ್ವಿಂಟಲ್ ಈರುಳ್ಳಿ ಇದೆ, ದರ ಕ್ವಿಂಟಲಿಗೆ ₹1,200 ಎಂದುಕೊಳ್ಳಿ. ಅಂದೇ ಮಾರಿದರೆ ₹1.2 ಲಕ್ಷ. ಅಕ್ಟೋಬರ್‌ವರೆಗೆ ಇಟ್ಟು ಶೇ 35ರಷ್ಟು ಕಳೆದುಕೊಂಡರೆ ಉಳಿಯುವುದು ಅರವತ್ತೈದು ಕ್ವಿಂಟಲ್. ಅದೇ ₹1.2 ಲಕ್ಷ ಕೈಗೆ ಬರಬೇಕಾದರೆ ದರ ₹1,850ರ ಹತ್ತಿರ ಇರಬೇಕು. ಇದರಲ್ಲಿ ಚಾಳದ ಖರ್ಚು, ಆರಿಸಿದ ಕೂಲಿ, ಸಾಲದ ಬಡ್ಡಿ ಸೇರಿಲ್ಲ. ಅವನ್ನೂ ಸೇರಿಸಿದರೆ ₹2,000 ದಾಟಿದ ಮೇಲಷ್ಟೇ ಕಾದದ್ದಕ್ಕೆ ಏನಾದರೂ ಸಿಕ್ಕಿತು ಎನ್ನಬಹುದು. ತಂಬಾಕಿನ ಗೋದಾಮಿನಲ್ಲಿ ಕಾಲ ಸರಕಿಗೆ ಬೆಲೆ ಕೂಡಿಸುತ್ತದೆ. ಇಲ್ಲಿ ಕಾಲ ಸರಕನ್ನು ತಿನ್ನುತ್ತದೆ, ರೈತ ಪಂದ್ಯ ಕಟ್ಟಿರುವುದು ಊರಿನಲ್ಲಿ ಉಳಿದವರ ಈರುಳ್ಳಿ ತನ್ನದಕ್ಕಿಂತ ಬೇಗ ಮುಗಿಯುತ್ತದೆ ಎಂಬುದರ ಮೇಲೆ. ನೆರೆಯವನ ಚಾಳ ಸೋರಲಿ ಎಂದು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಲೆಕ್ಕ ಮಾತ್ರ ಅದನ್ನೇ ಹೇಳುತ್ತದೆ.

ಮೊಳಕೆಯನ್ನಾದರೂ ತಡೆಯೋಣ ಎಂದು ಭಾಭಾ ಅಣುಶಕ್ತಿ ಸಂಶೋಧನಾ ಕೇಂದ್ರ ಲಾಸಲಗಾಂವ್‌ನಲ್ಲೇ ಒಂದು ವಿಕಿರಣ ಘಟಕ ಕಟ್ಟಿತು. ಹೆಸರು ‘ಕೃಷಿ ಉತ್ಪಾದನ್ ಸಂರಕ್ಷಣ್ ಕೇಂದ್ರ’, ಚಿಕ್ಕದಾಗಿ ‘ಕೃಷಕ್’. 2002ರಲ್ಲಿ ಶುರುವಾಯಿತು. ಕೋಬಾಲ್ಟ್-60ರ ಗಾಮಾ ಕಿರಣಗಳನ್ನು 60ರಿಂದ 90 ಗ್ರೇಯಷ್ಟು ಹಾಯಿಸಿದರೆ ಗಡ್ಡೆಯೊಳಗಿನ ಎಳೆ ಮೊಗ್ಗು ಮುಂದೆ ಬೆಳೆಯಲಾರದು. ಈರುಳ್ಳಿ ವಿಕಿರಣಶೀಲವಾಗುವುದಿಲ್ಲ, ತಿನ್ನಲು ಅಡ್ಡಿಯಿಲ್ಲ. ಕಟಾವಾದ ಕೆಲವು ವಾರಗಳೊಳಗೆ, ಮೊಗ್ಗು ಇನ್ನೂ ನಿದ್ದೆಯಲ್ಲಿರುವಾಗಲೇ ಇದು ಆಗಬೇಕು. ಅಂದರೆ ಇಡೀ ಜಿಲ್ಲೆಯ ಬೆಳೆ ಒಮ್ಮೆಗೇ ಬಾಗಿಲಿಗೆ ಬಂದು ನಿಲ್ಲುವ ಕಾಲದಲ್ಲಿ. ಮೇಲಾಗಿ ಮೊಳಕೆ ಮೂರು ನಷ್ಟಗಳಲ್ಲಿ ಒಂದು ಮಾತ್ರ, ಗಾಮಾ ಕಿರಣ ತೂಕ ಇಳಿಯುವುದನ್ನೂ ಕೊಳೆಯುವುದನ್ನೂ ನಿಲ್ಲಿಸುವುದಿಲ್ಲ. ಈರುಳ್ಳಿಗೆಂದು ಕಟ್ಟಿದ ಘಟಕಕ್ಕೆ ದೇಶಾಂತರ ಹೆಸರು ಬಂದದ್ದು ಮಾವಿನಹಣ್ಣಿನಿಂದ. ಹದಿನೆಂಟು ವರ್ಷಗಳ ನಿಷೇಧದ ನಂತರ 2007ರಲ್ಲಿ ಅಮೆರಿಕ ಭಾರತದ ಮಾವಿಗೆ ಬಾಗಿಲು ತೆರೆದಾಗ, ಹುಳದ ಕಾಟ ಇಲ್ಲವೆಂದು ಖಾತರಿಪಡಿಸುವ 400 ಗ್ರೇ ವಿಕಿರಣಕ್ಕೆ ಹಣ್ಣುಗಳು ಲಾಸಲಗಾಂವ್‌ಗೆ ಬಂದವು. ಕೊಂಕಣದ ಆಪೂಸು ಇಲ್ಲಿ ಬಂದು ಕಿರಣ ಹಾಯಿಸಿಕೊಂಡು ಅಮೆರಿಕಕ್ಕೆ ಹೋಯಿತು. ಊರಿನ ಈರುಳ್ಳಿಯ ಬಹುಪಾಲು ಅದೇ ರಸ್ತೆಯಲ್ಲಿ ಘಟಕವನ್ನು ದಾಟಿ ಚಾಳಕ್ಕೆ ಹೋಯಿತು.

ಕರ್ನಾಟಕವೂ ದೊಡ್ಡ ಪ್ರಮಾಣದಲ್ಲಿ ಈರುಳ್ಳಿ ಬೆಳೆಯುವ ರಾಜ್ಯ. ಚಿತ್ರದುರ್ಗ, ಗದಗ, ವಿಜಯಪುರ, ಬಾಗಲಕೋಟೆಯ ಬೆಳೆಯಲ್ಲಿ ದೊಡ್ಡ ಪಾಲು ಮಳೆಗಾಲದ್ದು, ಇಡಲು ಬಾರದ್ದು. ಕಿತ್ತ ಕೂಡಲೇ ಮೂಟೆ ಕಟ್ಟಿ ಲಾರಿ ಹತ್ತಿಸಬೇಕು. ಇಡಲಾಗದವನ ಕಷ್ಟ ಏನೆಂಬುದಕ್ಕೆ 2022ರ ನವೆಂಬರಿನ ಒಂದು ಚೀಟಿ ಸಾಕ್ಷಿ. ಗದಗ ಜಿಲ್ಲೆಯ ರೈತರೊಬ್ಬರು 205 ಕೆಜಿ ಉಳ್ಳಾಗಡ್ಡಿಯನ್ನು ನಾನೂರು ಕಿಲೋಮೀಟರ್ ದೂರದ ಯಶವಂತಪುರಕ್ಕೆ ಒಯ್ದು, ಬಾಡಿಗೆ ಹಮಾಲಿ ಎಲ್ಲ ಕಳೆದು ಕೈಗೆ ಪಡೆದದ್ದು ₹8.36. ಮೂರು ತಿಂಗಳ ನಂತರ ಸೋಲಾಪುರದ ಮಾರುಕಟ್ಟೆಯಲ್ಲಿ 512 ಕೆಜಿ ಮಾರಿದ ಇನ್ನೊಬ್ಬರಿಗೆ ಸಿಕ್ಕಿದ್ದು ₹2ರ ಚೆಕ್ಕು. ಇವರಲ್ಲಿ ಯಾರಿಗೂ ‘ಈ ದರಕ್ಕೆ ಕೊಡುವುದಿಲ್ಲ, ವಾಪಸ್ ಒಯ್ಯುತ್ತೇನೆ’ ಎನ್ನುವ ಅವಕಾಶವಿರಲಿಲ್ಲ. ಚಾಳ ಎಂಬ ಬಿದಿರು ಜಾಲರಿಯ ಗೂಡು ಕೊಡುವುದು ಆ ಒಂದು ಮಾತಿನ ಅವಕಾಶವನ್ನು. ಅದೂ ಪೂರ್ತಿ ಅಲ್ಲ. ಇಟ್ಟವರಿಗೂ ಕೆಲವೊಮ್ಮೆ ಅದೇ ಗತಿ. 2018ರ ನವೆಂಬರಿನಲ್ಲಿ ನಿಫಾಡ್ ತಾಲ್ಲೂಕಿನ ರೈತರೊಬ್ಬರು 750 ಕೆಜಿಗೆ ಬಂದ ₹1,064ನ್ನು ಹಾಗೇ ಪ್ರಧಾನಿಯವರಿಗೆ ಮನಿಯಾರ್ಡರ್ ಮಾಡಿದರು. ಮನಿಯಾರ್ಡರ್ ಖರ್ಚು ₹54 ಅವರೇ ಭರಿಸಿದರು.

ಕರ್ನಾಟಕದಲ್ಲೂ ಇಡುವ ವಿದ್ಯೆ ಇಲ್ಲದಿಲ್ಲ, ಸಣ್ಣದಾಗಿ, ಮನೆಮಟ್ಟದಲ್ಲಿ ಇದೆ. ಏಪ್ರಿಲ್, ಮೇನಲ್ಲಿ ಕುಮಟಾದ ಬಳಿ ಹೆದ್ದಾರಿಯಲ್ಲಿ ಹೋದವರಿಗೆ ರಸ್ತೆಬದಿಯ ಚಪ್ಪರಗಳಲ್ಲಿ ಜಡೆ ಹೆಣೆದು ತೂಗುಹಾಕಿದ ಸಿಹಿ ನೀರುಳ್ಳಿ ನೆನಪಿರಬಹುದು. ಒಣಗಿದ ಎಲೆಯನ್ನೇ ಹೆಣೆದು ಗೊಂಚಲು ಮಾಡುತ್ತಾರೆ. ಮನೆಗೆ ಒಯ್ದವರು ಅಟ್ಟದ ತೊಲೆಗೆ, ಒಲೆಯ ಹೊಗೆ ತಾಗುವಲ್ಲಿ ತೂಗುಹಾಕಿದರೆ ಮಳೆಗಾಲಕ್ಕೆ ಆಯಿತು. ಮಹಾರಾಷ್ಟ್ರದ ಅಲಿಬಾಗಿನ ಬಿಳಿ ಈರುಳ್ಳಿಯನ್ನೂ ಹೀಗೇ ಹೆಣೆಯುತ್ತಾರೆ. ಗಡ್ಡೆಗೆ ಗಡ್ಡೆ ಒತ್ತುವುದಿಲ್ಲ, ಸುತ್ತಲೂ ಗಾಳಿ, ಕತ್ತು ಕತ್ತರಿಸಿಲ್ಲದ ಕಾರಣ ಗಾಯವಿಲ್ಲ. ಇದಕ್ಕಿಂತ ಒಳ್ಳೆಯ ಶೇಖರಣೆ ಇಲ್ಲ. ಇಪ್ಪತ್ತೈದು ಟನ್ ಈರುಳ್ಳಿಗೆ ಜಡೆ ಹೆಣೆಯುವವರು ಯಾರು ಎಂಬ ಪ್ರಶ್ನೆ ಬಿಟ್ಟರೆ.

ಚಾಳದೊಳಗಿನ ನಿದ್ದೆಯನ್ನು ಕೆಡಿಸುವುದು ಹವೆಯೊಂದೇ ಅಲ್ಲ. ದಿಲ್ಲಿಯಿಂದ ಹೊರಡುವ ಅಧಿಸೂಚನೆಗಳಿಗೂ ಆ ಶಕ್ತಿಯಿದೆ. 1998ರಲ್ಲಿ ಈರುಳ್ಳಿ ಬೆಲೆ ದಿಲ್ಲಿಯ ಸರ್ಕಾರವನ್ನೇ ಕೆಡವಿದ ನೆನಪು ಯಾವ ಪಕ್ಷಕ್ಕೂ ಹೋಗಿಲ್ಲ. ಕೇಂದ್ರ ಸರ್ಕಾರ ಬೆಲೆ ಸ್ಥಿರೀಕರಣ ನಿಧಿಯಿಂದ ನಾಫೆಡ್ ಮತ್ತು ಎನ್‌ಸಿಸಿಎಫ್ ಮೂಲಕ ಬೇಸಿಗೆಯ ಈರುಳ್ಳಿ ಕೊಂಡು ತಾನೂ ದಾಸ್ತಾನು ಇಡುತ್ತದೆ. 2023ರಲ್ಲಿ ಅದರ ಗುರಿಯನ್ನು ಮೂರು ಲಕ್ಷ ಟನ್ನಿನಿಂದ ಐದು ಲಕ್ಷಕ್ಕೆ ಏರಿಸಿತು. ಅದೇ ಆಗಸ್ಟ್ 19ರಂದು ರಫ್ತಿನ ಮೇಲೆ ಶೇ 40 ಸುಂಕ ಬಿತ್ತು. ನಾಶಿಕ್ ಜಿಲ್ಲೆಯ ವ್ಯಾಪಾರಿಗಳು ಲಿಲಾವು ನಿಲ್ಲಿಸಿದರು. ನಿಂತ ಮಾರುಕಟ್ಟೆಯ ಹೊರಗೆ, ಮಳೆಯಲ್ಲಿ, ಚಾಳದೊಳಗಿನ ಸರಕು ಕೊಳೆಯುವುದನ್ನು ಮಾತ್ರ ಯಾರೂ ನಿಲ್ಲಿಸಲಾಗಲಿಲ್ಲ. ಡಿಸೆಂಬರ್ 8ಕ್ಕೆ ರಫ್ತೇ ನಿಷೇಧವಾಯಿತು. 2024ರ ಮೇ 4ರಂದು ನಿಷೇಧ ಎದ್ದರೂ ಸುಂಕ ಉಳಿಯಿತು. ಸೆಪ್ಟೆಂಬರಿನಲ್ಲಿ ಅದು ಅರ್ಧವಾಯಿತು, 2025ರ ಏಪ್ರಿಲ್ 1ರಿಂದ ಪೂರ್ತಿ ಹೋಯಿತು.

ಇದನ್ನು ಬರೀ ರೈತವಿರೋಧಿ ಎಂದು ತಳ್ಳಿಹಾಕುವುದು ಸುಲಭ. ನಗರದ ಕೂಲಿಯವನ ಮನೆಯಲ್ಲಿ ಈರುಳ್ಳಿ ಕೆಜಿಗೆ ₹80 ಆದರೆ ಆಗುವ ಕಷ್ಟವೂ ನಿಜ. 2024ರ ಅಕ್ಟೋಬರಿನಲ್ಲಿ ಲಾಸಲಗಾಂವ್‌ನಿಂದ ದಿಲ್ಲಿಯ ಕಿಶನ್‌ಗಂಜ್ ನಿಲ್ದಾಣಕ್ಕೆ 1,600 ಟನ್ ಹೊತ್ತು ಹೋದ ‘ಕಾಂದಾ ಎಕ್ಸ್‌ಪ್ರೆಸ್’ ರೈಲಿನ ಈರುಳ್ಳಿಯನ್ನು ಕೆಜಿಗೆ ₹35ರಂತೆ ಕೊಂಡವರಿಗೆ ಅದು ಹಬ್ಬದ ಹೊತ್ತಿನ ಉಪಕಾರವೇ. ತೊಡಕು ಬೇರೆ ಕಡೆ ಇದೆ. ಇಟ್ಟ ಸರಕಿನ ನಷ್ಟ ಪೂರ್ತಿ ಇಟ್ಟವನದು. ಬೆಲೆ ಏರಿದ ಕೂಡಲೇ ಸರ್ಕಾರದ ದಾಸ್ತಾನು ಹೊರಬರುತ್ತದೆ, ರಫ್ತಿಗೆ ತಡೆ ಬೀಳುತ್ತದೆ. ಬೆಲೆ ಬಿದ್ದಾಗ ಅಷ್ಟೇ ಚುರುಕಾಗಿ ಯಾರೂ ಬರುವುದಿಲ್ಲ. ಸರ್ಕಾರ ಇಡುವ ದಾಸ್ತಾನಿನಲ್ಲೂ ತೂಕ ಇಳಿಯುತ್ತದೆ, ಕೊಳೆಯುತ್ತದೆ, ಮೊಳೆಯುತ್ತದೆ. ಆದರೆ ಆ ನಷ್ಟ ನಿಧಿಯ ಖಾತೆಯಲ್ಲಿ ಬರೆದು ಹೋಗುತ್ತದೆ, ರೈತನದು ಮಗಳ ಕಾಲೇಜು ಫೀಸಿನಲ್ಲಿ ಕಾಣಿಸಿಕೊಳ್ಳುತ್ತದೆ. 2024ರ ಸೆಪ್ಟೆಂಬರಿನಲ್ಲಿ ದರ ₹4,000 ದಾಟಿದಾಗ ಕಾದವರು ಗೆದ್ದರು. ಅದನ್ನು ನೋಡಿ ಮರುವರ್ಷ ಕಾದವರಿಗೆ ಆ ದರ ಕಾಣಲು ಸಿಗಲಿಲ್ಲ.

ತಂಬಾಕಿನ ಮಾತಿಗೆ ಇಲ್ಲಿ ಮರಳಬೇಕಾಗುತ್ತದೆ. ವಿಶ್ವ ಅಂಚೆ ಒಕ್ಕೂಟದ ಕೆಲಸ ಬಿಟ್ಟು ಸ್ವಿಟ್ಜರ್‌ಲೆಂಡಿನಿಂದ ಬಂದು ಪುಣೆ ಹತ್ತಿರ ಹೊಲ ಕೊಂಡ ಶರದ್ ಜೋಶಿ, ಶೇತಕರಿ ಸಂಘಟನೆ ಕಟ್ಟಿ ಮೊದಲು ಹಿಡಿದ ಬೆಳೆ ಈರುಳ್ಳಿ, ಚಾಕಣ್‌ನಲ್ಲಿ. 1980ರ ನವೆಂಬರಿನಲ್ಲಿ ಚಳವಳಿ ನಾಶಿಕ್ ಜಿಲ್ಲೆಗೆ ಬಂತು. ರೈಲು, ರಸ್ತೆ ತಡೆದರು. ನಿಫಾಡ್ ತಾಲ್ಲೂಕಿನ ಖೇರವಾಡಿಯಲ್ಲಿ ಪೊಲೀಸರ ಗುಂಡಿಗೆ ಇಬ್ಬರು ರೈತರು ಸತ್ತರು. ಐದು ತಿಂಗಳ ನಂತರ ಅದೇ ಸಂಘಟನೆ ಬೆಳಗಾವಿ ಜಿಲ್ಲೆಯ ನಿಪ್ಪಾಣಿಯಲ್ಲಿತ್ತು. ಬೀಡಿ ತಂಬಾಕಿನ ಊರು ಅದು, ಕನ್ನಡ ಮರಾಠಿ ಎರಡೂ ಆಡುವ ಗಡಿ ಊರು. ಅಲ್ಲಿ ವಖಾರಿಗಳೆಲ್ಲ ವ್ಯಾಪಾರಿಗಳವು. ಎಲೆ ಇಟ್ಟು ಹದ ಬರಿಸಿ ಮಾರುವ ಲಾಭವೂ ಅವರದೇ. ಬೆಳೆದವನು ತುರ್ತಿಗೆ ಮಾರಿ ಕೈ ತೊಳೆದುಕೊಳ್ಳಬೇಕಿತ್ತು. ಒಳ್ಳೆಯ ದರಕ್ಕಾಗಿ ರೈತರು ಪುಣೆ ಬೆಂಗಳೂರು ಹೆದ್ದಾರಿಯಲ್ಲಿ ವಾರಗಟ್ಟಲೆ ಕೂತರು. 1981ರ ಏಪ್ರಿಲ್ 6ರಂದು ಗುಂಡು ಹಾರಿತು, ಹನ್ನೆರಡು ಜನ ಸತ್ತರು.

ಎರಡೂ ಊರುಗಳಲ್ಲಿ ಕೇಳಿದ್ದು ಬೆಲೆ. ಆ ಬೆಲೆಯ ಹಿಂದೆ ಇನ್ನೊಂದು ವಿಷಯವಿದೆ, ಅದು ವಖಾರಿಯ ಬೀಗದ ಕೈ ಯಾರ ಸೊಂಟದಲ್ಲಿದೆ ಎಂಬುದು. ಇಟ್ಟಷ್ಟೂ ಬೆಲೆಬಾಳುವ ತಂಬಾಕನ್ನು ಬೆಳೆದವನು ಇಡಲಾರ. ಇಟ್ಟಷ್ಟೂ ಕರಗುವ ಈರುಳ್ಳಿಯನ್ನು ಇಡುವ ಹೊಣೆ ಮಾತ್ರ ಬೆಳೆದವನ ಪಾಲಿಗೆ ಬಂದಿದೆ. ಬೇಸಿಗೆ ಈರುಳ್ಳಿಯನ್ನು ಎಷ್ಟು ದಿನ ಇಡಬಹುದು ಎಂದು ತಜ್ಞರನ್ನು ಕೇಳಿದರೆ ತಳಿ ಒಳ್ಳೆಯದಿದ್ದು, ಒಣಗಿಸಿದ್ದು ಸರಿಯಿದ್ದರೆ ಐದಾರು ತಿಂಗಳು ಎನ್ನುತ್ತಾರೆ. ರಾಜಗುರುನಗರದ ಈರುಳ್ಳಿ ಮತ್ತು ಬೆಳ್ಳುಳ್ಳಿ ಸಂಶೋಧನಾ ನಿರ್ದೇಶನಾಲಯ ಅದಕ್ಕೆಂದೇ ಭೀಮಾ ಕಿರಣ, ಭೀಮಾ ಶಕ್ತಿಯಂಥ ತಳಿಗಳನ್ನು ತಂದಿದೆ. ಚಾಳದ ಬಾಗಿಲಲ್ಲಿ ನಿಂತವನಿಗೆ ಆ ಉತ್ತರ ಅರ್ಧ ಮಾತ್ರ. ಸೊಸೈಟಿಯ ಸಾಲದ ಕಂತು ಯಾವಾಗ, ಮದುವೆ ಯಾವ ತಿಂಗಳು, ಮುಂಗಾರಿನ ಬಿತ್ತನೆಗೆ ದುಡ್ಡು ಬೇಕೋ ಇಲ್ಲವೋ, ಕರ್ನಾಟಕದ ಮಳೆಗಾಲದ ಬೆಳೆ ಈ ಸಲ ಹೇಗಿದೆ, ದಿಲ್ಲಿಯಲ್ಲಿ ಚುನಾವಣೆ ಇದೆಯೇ, ಇವೆಲ್ಲ ಸೇರಿ ಉಳಿದ ಅರ್ಧ. ಬುದ್ಧಿವಂತರು ಒಮ್ಮೆಗೇ ಮಾರುವುದಿಲ್ಲ, ಒಮ್ಮೆಗೇ ಕಾಯುವುದೂ ಇಲ್ಲ. ಜೂನ್‌ನಲ್ಲಿ ಒಂದು ಟ್ರಾಲಿ, ಆಗಸ್ಟಿನಲ್ಲಿ ಎರಡು, ದಸರಾಕ್ಕೆ ಮುಂಚೆ ಉಳಿದದ್ದು. ಸರಾಸರಿ ದರ ಸಿಗುತ್ತದೆ, ಸರಾಸರಿ ನಿದ್ದೆಯೂ.

ಅಕ್ಟೋಬರ್ ಕೊನೆಗೆ ಮೊದಲ ಲಾಲ್ ಕಾಂದಾ ಟ್ರಾಲಿಗಳು ಮಾರುಕಟ್ಟೆಗೆ ಬರುತ್ತವೆ, ಹಳೆಯದರ ದರ ತಗ್ಗುತ್ತದೆ, ಚಾಳಗಳು ಒಂದೊಂದಾಗಿ ಖಾಲಿಯಾಗುತ್ತವೆ. ಕೊನೆಯ ರಾಶಿಯನ್ನು ಗುಡಿಸುವ ಮೊದಲು ಮನೆಯ ಹಿರಿಯರು ಒಂದಷ್ಟು ಗಡ್ಡೆಗಳನ್ನು ಬೇರೆ ತೆಗೆದಿಡುತ್ತಾರೆ. ಆರು ತಿಂಗಳ ಬಿಸಿಲು, ಮಳೆ, ತಂಪು ಎಲ್ಲ ದಾಟಿಯೂ ಗಟ್ಟಿಯಾಗಿರುವವು, ಕತ್ತು ಸಣ್ಣಗಿರುವವು, ಸಿಪ್ಪೆ ಬಿಡದವು. ಅವು ಮಾರಾಟಕ್ಕಲ್ಲ. ಮೇಲಿನ ತಲೆಯನ್ನು ಸ್ವಲ್ಪ ಕೊಯ್ದು ನವೆಂಬರಿನಲ್ಲಿ ಹೊಲದ ಒಂದು ಮೂಲೆಯಲ್ಲಿ ಊರುತ್ತಾರೆ. ಚಳಿಯಲ್ಲಿ ಅವು ಎದ್ದು ಎತ್ತರದ ಹಸಿರು ಕೊಳವೆಗಳ ತುದಿಗೆ ಬಿಳಿಯ ಹೂಚೆಂಡು ಬಿಡುತ್ತವೆ, ಜೇನ್ನೊಣ ಮುತ್ತುತ್ತವೆ, ಏಪ್ರಿಲ್, ಮೇ ಹೊತ್ತಿಗೆ ಕರಿಯ ಬೀಜ ಉದುರಲು ಸಿದ್ಧವಾಗುತ್ತದೆ. ಪಕ್ಕದಲ್ಲಿ ಆಗ ಹೊಸ ಬೆಳೆಯಿಂದ ಚಾಳ ತುಂಬುತ್ತಿರುತ್ತದೆ. ಬೀಜವನ್ನು ಒಣಗಿಸಿ ಡಬ್ಬಿಯಲ್ಲಿ ಹಾಕಿ ಮುಚ್ಚಳ ಬಿಗಿಯುತ್ತಾರೆ, ಅಕ್ಟೋಬರಿನ ಸಸಿಮಡಿಗೆ. ಅದನ್ನೂ ಬಹಳ ಇಡುವಂತಿಲ್ಲ. ವರ್ಷ ದಾಟಿದರೆ ಈರುಳ್ಳಿ ಬೀಜದ ಮೊಳೆಯುವ ಶಕ್ತಿ ಇಳಿಯುತ್ತದೆ.